ಥಾಮಸ್ ಜೆಫರ್ಸನ್: ಧರ್ಮ, ಸ್ವಾತಂತ್ರ್ಯ ಮತ್ತು ಸರ್ಕಾರದ ಮಿತಿ

(ಶ್ರೀಮಠದ ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಇಂಜಿನಿಯರರೊಬ್ಬರು ಮಾಡಿದ ಉಪನ್ಯಾಸ)

 

ನಾನು ವಿದ್ವಾಂಸನಲ್ಲ. ಓದಿದ್ದು ಸಿವಿಲ್ ಇಂಜಿನಿಯರಿಂಗ್, ಮಾಡಿದ್ದು ಸರ್ಕಾರಿ ನೌಕರಿ. ರಸ್ತೆ, ಸೇತುವೆ, ಕೆರೆ ದುರಸ್ತಿ, ಇವುಗಳಲ್ಲೇ ಆಯುಷ್ಯ ಕಳೆಯಿತು. ಕಳೆದ ತಿಂಗಳು ಅಪ್ಪಗಳು ಕರೆದು, "ಅಮೆರಿಕಕ್ಕೆ ಮಗನ ಮನೆಗೆ ಹೋಗಿ ಬಂದಿರಲ್ಲ, ಅಲ್ಲಿ ನೋಡಿದ್ದನ್ನು ಹೇಳಿ" ಎಂದರು. ದೊಡ್ಡ ಕಟ್ಟಡ, ದೊಡ್ಡ ರಸ್ತೆಗಳ ವಿಷಯ ನಿಮಗೆಲ್ಲ ಗೊತ್ತೇ ಇದೆ, ಅದನ್ನು ಹೇಳುವುದಿಲ್ಲ. ನಾನು ಅಲ್ಲಿ ನೋಡಿದ ಒಂದು ಸಮಾಧಿಯ ವಿಷಯ ಹೇಳುತ್ತೇನೆ.

ನನ್ನ ಮಗ ಇರುವುದು ವರ್ಜೀನಿಯಾ ರಾಜ್ಯದಲ್ಲಿ. ಒಂದು ಭಾನುವಾರ ಶಾರ್ಲಟ್ಸ್‌ವಿಲ್ ಎಂಬ ಊರಿನ ಹತ್ತಿರದ ಗುಡ್ಡದ ಮೇಲಿರುವ ಮಾಂಟಿಚೆಲ್ಲೊ ಎಂಬ ಮನೆಗೆ ಕರೆದುಕೊಂಡು ಹೋದ. ಅದು ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಮನೆ. ನಕ್ಷೆ ಅವರದೇ. ಒಳಗೆ ಕಾಲಿಟ್ಟ ಕೂಡಲೇ ಒಂದು ಗಡಿಯಾರವಿದೆ. ಅದನ್ನು ನಡೆಸುವ ಗುಂಡುಗಳು ಗೋಡೆಯ ಪಕ್ಕ ದಿನದಿನವೂ ಕೆಳಗಿಳಿಯುತ್ತವೆ, ಗೋಡೆಯ ಮೇಲೆ ವಾರದ ಹೆಸರು ಬರೆದಿದೆ. ವಾರವಿಡೀ ಇಳಿಯಲು ಗೋಡೆಯ ಎತ್ತರ ಸಾಲದೆ ನೆಲಕ್ಕೆ ತೂತು ಕೊರೆದು ಶನಿವಾರವನ್ನು ಕೆಳಗಿನ ನೆಲಮಾಳಿಗೆಗೆ ಕಳಿಸಿದ್ದಾರೆ! ನನಗೆ ಆ ಮನುಷ್ಯ ನಮ್ಮವನೇ ಅನ್ನಿಸಿಬಿಟ್ಟ. ಲೆಕ್ಕ ತಪ್ಪಿದರೆ ಸೈಟಿನಲ್ಲೇ ದಾರಿ ಹುಡುಕುವವನು ಇಂಜಿನಿಯರ್.

ಮನೆಯ ಇಳಿಜಾರಿನಲ್ಲಿ ಅವರ ಸಮಾಧಿ ಇದೆ. ಅದರ ಮೇಲೆ ಏನು ಬರೆಯಬೇಕೆಂದು ಅವರೇ ಬರೆದಿಟ್ಟಿದ್ದರು. ಮೂರೇ ವಿಷಯ. 1776ರ ಸ್ವಾತಂತ್ರ್ಯ ಘೋಷಣೆಯನ್ನು ಬರೆದವರು, ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯನ್ನು ಬರೆದವರು, ವರ್ಜೀನಿಯಾ ವಿಶ್ವವಿದ್ಯಾಲಯದ ಜನಕ. ಎರಡು ಅವಧಿಗೆ ದೇಶದ ಅಧ್ಯಕ್ಷರಾಗಿದ್ದವರು ಆ ಪದವಿಯನ್ನು ಕಲ್ಲಿನ ಮೇಲೆ ಬರೆಸಲಿಲ್ಲ. ನಮ್ಮಲ್ಲಿ ಚರಂಡಿಗೆ ಚಪ್ಪಡಿ ಹಾಕಿದರೂ ಸದಸ್ಯರ ಹೆಸರಿನ ಕಲ್ಲು ನಿಲ್ಲಿಸಿ ಅಂದಾಜುಪಟ್ಟಿಗೆ ಸೇರಿಸಿ ರೂಢಿಯಾದ ನಾನು ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಆ ಎರಡನೆಯ ವಿಷಯ, ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ, ಅಧ್ಯಕ್ಷ ಪದವಿಗಿಂತ ದೊಡ್ಡದು ಎಂದು ಅವರಿಗೇಕೆ ಅನ್ನಿಸಿತು? ಊರಿಗೆ ಬಂದ ಮೇಲೂ ಈ ಪ್ರಶ್ನೆ ಬಿಡಲಿಲ್ಲ. ಓದುತ್ತ ಹೋದೆ. ಓದಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಜೆಫರ್ಸನ್ ಹುಟ್ಟಿದ್ದು 1743ರಲ್ಲಿ. ಆಗ ವರ್ಜೀನಿಯಾ ಬ್ರಿಟಿಷರ ವಸಾಹತು. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚೇ ಅಲ್ಲಿಯೂ ಸರ್ಕಾರಿ ಚರ್ಚು. ಪಾದ್ರಿಗಳ ಸಂಬಳ ಜನರ ತೆರಿಗೆಯಿಂದ. ಆ ಸಂಬಳವನ್ನು ಕಾನೂನಿನಲ್ಲಿ ಹಣದಲ್ಲಿ ಅಲ್ಲ, ಹೊಗೆಸೊಪ್ಪಿನಲ್ಲಿ ಗೊತ್ತುಮಾಡಿದ್ದರು: ಒಬ್ಬ ಪಾದ್ರಿಗೆ ವರ್ಷಕ್ಕೆ 16,000 ಪೌಂಡ್ ಹೊಗೆಸೊಪ್ಪು. ನೀವು ಆ ಚರ್ಚಿಗೆ ಹೋಗುತ್ತೀರೋ ಇಲ್ಲವೋ, ಅದರ ತತ್ವ ಒಪ್ಪುತ್ತೀರೋ ಇಲ್ಲವೋ, ತೆರಿಗೆ ಮಾತ್ರ ಕೊಡಲೇಬೇಕು. ಬ್ಯಾಪ್ಟಿಸ್ಟ್ ಪಂಥದ ಬೋಧಕರು ಹೆಚ್ಚಾಗಿ ಬಡವರ ನಡುವೆ, ಬಯಲಿನಲ್ಲಿ ನಿಂತು ಬೋಧನೆ ಮಾಡುತ್ತಿದ್ದರು. ಪರವಾನಗಿ ಇಲ್ಲದೆ ಬೋಧಿಸುತ್ತಾರೆ, ಶಾಂತಿಭಂಗ ಮಾಡುತ್ತಾರೆ ಎಂದು ಅವರನ್ನು ಜೈಲಿಗೆ ಹಾಕುತ್ತಿದ್ದರು. 1774ರಲ್ಲಿ ಜೇಮ್ಸ್ ಮ್ಯಾಡಿಸನ್ ಎಂಬ ತರುಣ ಗೆಳೆಯನಿಗೆ ಪತ್ರ ಬರೆದು, ಪಕ್ಕದ ಜಿಲ್ಲೆಯಲ್ಲಿ ಐದಾರು ಮಂದಿ ಒಳ್ಳೆಯವರು ಧರ್ಮದ ವಿಚಾರಕ್ಕಾಗಿಯೇ ಜೈಲಿನಲ್ಲಿದ್ದಾರೆ ಎಂದು ನೊಂದುಕೊಳ್ಳುತ್ತಾನೆ. ಈ ಮ್ಯಾಡಿಸನ್ ಮುಂದೆ ಅಮೆರಿಕ ಸಂವಿಧಾನದ ಮುಖ್ಯ ಶಿಲ್ಪಿಯಾದರು, ನಾಲ್ಕನೆಯ ಅಧ್ಯಕ್ಷರೂ ಆದರು.

ಇದನ್ನು ಕೇಳುವಾಗ ನಮಗೆ ಕಲ್ಯಾಣ ನೆನಪಾಗದೆ ಇರುವುದಿಲ್ಲ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದದ್ದು ಎರಡು ಮನೆಗಳು ಒಪ್ಪಿ ಮಾಡಿದ ಕಾರ್ಯ. ಅದಕ್ಕೆ ಅರಮನೆ ಕೊಟ್ಟ ಶಿಕ್ಷೆ ಏನು ಎಂಬುದು ನಮ್ಮ ಪರಂಪರೆಯಲ್ಲಿ ಮಕ್ಕಳಿಗೂ ಗೊತ್ತು. ಜೆಫರ್ಸನ್ ಅವರಿಗೆ ಕಲ್ಯಾಣ ಗೊತ್ತಿರಲಿಲ್ಲ, ಅವರು ಬಸವಣ್ಣನವರಿಂದ ಕಲಿತರು ಎಂದು ನಾನು ಹೇಳಲಾರೆ. ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ, ಆದರೆ ಸುಳ್ಳು. ಕಾಯಿಲೆ ಒಂದೇ ಆಗಿತ್ತು ಎಂದಷ್ಟೇ ಹೇಳಬಲ್ಲೆ: ಮನಸ್ಸಿನ ವಿಷಯಕ್ಕೆ ರಾಜದಂಡ ಕೈಹಾಕುವುದು.

1777ರಲ್ಲಿ ಜೆಫರ್ಸನ್ ಕಾಯ್ದೆಯ ಕರಡು ಬರೆದರು. 1779ರಲ್ಲಿ ಅದು ಶಾಸನಸಭೆಗೆ ಬಂತು, ಪಾಸಾಗಲಿಲ್ಲ. 1784ರಲ್ಲಿ ಪ್ಯಾಟ್ರಿಕ್ ಹೆನ್ರಿ ಎಂಬ ದೊಡ್ಡ ಭಾಷಣಕಾರರು ಬೇರೊಂದು ಮಸೂದೆಯ ಪರವಾಗಿ ನಿಂತರು. ಅದರ ಪ್ರಕಾರ ಒಂದೇ ಚರ್ಚಿಗೆ ತೆರಿಗೆ ಬೇಡ. ಎಲ್ಲರೂ ತೆರಿಗೆ ಕೊಡಲಿ, ಯಾವ ಕ್ರೈಸ್ತ ಪಂಥದ ಬೋಧಕರಿಗೆ ತನ್ನ ಹಣ ಹೋಗಬೇಕೆಂದು ಕೊಡುವವನೇ ಹೇಳಲಿ. ನೋಡಿ, ಎಷ್ಟು ನ್ಯಾಯವಾಗಿ ಕಾಣುತ್ತದೆ! ಎಲ್ಲ ಪಂಥಕ್ಕೂ ಪಾಲು. ಇಂದು ನಮ್ಮಲ್ಲಿ ಯಾರಾದರೂ ಇಂಥ ಮಾತಾಡಿದರೆ ಸರ್ವಧರ್ಮ ಸಮಭಾವ ಎಂದು ಹೊಗಳುತ್ತೇವೆ. ಆದರೆ ವರ್ಜೀನಿಯಾದ ಬ್ಯಾಪ್ಟಿಸ್ಟರು, ಅಂದರೆ ಹಣದ ಪಾಲು ಸಿಗಬೇಕಾಗಿದ್ದ ಆ ಬಡವರೇ, ನಮಗೆ ಬೇಡ ಎಂದು ಮನವಿ ಬರೆದು ಸಹಿ ಹಾಕಿದರು. ಮ್ಯಾಡಿಸನ್ 1785ರಲ್ಲಿ ಇದರ ವಿರುದ್ಧ ಒಂದು ವಿಜ್ಞಾಪನೆ ಬರೆದರು. ಅವರ ವಾದದ ಸಾರ ಇಷ್ಟು: ಇವತ್ತು ಎಲ್ಲ ಕ್ರೈಸ್ತರಿಗೂ ಹಂಚುವ ಅಧಿಕಾರ ಸರ್ಕಾರಕ್ಕೆ ಕೊಟ್ಟರೆ, ನಾಳೆ ಒಂದೇ ಪಂಥಕ್ಕೆ ಕೊಡುವ ಅಧಿಕಾರವನ್ನೂ ಕೊಟ್ಟಂತೆ. ಮೊತ್ತ ಸಣ್ಣದಾದರೂ ಕೈ ಅದೇ.

ಹೆನ್ರಿಯವರ ಮಸೂದೆ ಬಿತ್ತು. ಅದೇ ಬಿಸಿಯಲ್ಲಿ ಮ್ಯಾಡಿಸನ್ ಜೆಫರ್ಸನ್ನರ ಹಳೆಯ ಕರಡನ್ನು ಹೊರತೆಗೆದು 1786ರ ಜನವರಿಯಲ್ಲಿ ಪಾಸು ಮಾಡಿಸಿದರು. ಆಗ ಜೆಫರ್ಸನ್ ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದರು. ಚರ್ಚೆಯಲ್ಲಿ ಕೆಲವರು ಪೀಠಿಕೆಗೆ ಏಸುಕ್ರಿಸ್ತನ ಹೆಸರು ಸೇರಿಸಬೇಕೆಂದರು. ದೊಡ್ಡ ಬಹುಮತದಿಂದ ಆ ತಿದ್ದುಪಡಿ ಬಿದ್ದುಹೋಯಿತು. 1821ರಲ್ಲಿ ಆತ್ಮಕಥೆ ಬರೆಯುವಾಗ ಜೆಫರ್ಸನ್ ಇದನ್ನು ಸಂತೋಷದಿಂದ ನೆನೆಯುತ್ತಾರೆ. ಆ ತಿದ್ದುಪಡಿ ಬಿದ್ದದ್ದರಿಂದ ಕಾಯ್ದೆಯ ರಕ್ಷಣೆ ಕ್ರೈಸ್ತರಿಗೆ ಮಾತ್ರವಲ್ಲ, ಯಹೂದಿಗೂ ಮುಸಲ್ಮಾನನಿಗೂ ಹಿಂದೂವಿಗೂ ಯಾವ ನಂಬಿಕೆಯೂ ಇಲ್ಲದವನಿಗೂ ಸಲ್ಲುತ್ತದೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಇನ್ನೂರು ವರ್ಷದ ಹಿಂದೆ, ತಾವು ಕಾಲಿಡದ ನಾಡಿನವರನ್ನೂ ಹೆಸರು ಹಿಡಿದು ಸೇರಿಸಿಕೊಂಡರು. ನನ್ನ ಮಗ ಇಂದು ಅದೇ ವರ್ಜೀನಿಯಾದಲ್ಲಿ ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮಾಡಿಕೊಂಡು ಆಫೀಸಿಗೆ ಹೋಗುತ್ತಾನೆ. ಯಾರೂ ಅವನನ್ನು ಏನು ಎಂದು ಕೇಳುವುದಿಲ್ಲ.

ಕಾಯ್ದೆಯಲ್ಲಿ ಏನಿದೆ? ಯಾರನ್ನೂ ಯಾವ ಪೂಜಾಸ್ಥಳಕ್ಕೆ ಹೋಗುವಂತೆ, ಅದಕ್ಕೆ ಹಣ ಕೊಡುವಂತೆ ಬಲವಂತ ಮಾಡಬಾರದು. ನಂಬಿಕೆಯ ಕಾರಣಕ್ಕೆ ಯಾರ ನಾಗರಿಕ ಹಕ್ಕೂ ಹೆಚ್ಚಾಗಬಾರದು, ಕಡಿಮೆಯಾಗಬಾರದು. ಪೀಠಿಕೆಯಲ್ಲಿ ಕಾರಣಗಳನ್ನೂ ಕೊಟ್ಟಿದ್ದಾರೆ. ದೇವರು ಮನುಷ್ಯನ ಮನಸ್ಸನ್ನು ಸ್ವತಂತ್ರವಾಗಿ ಮಾಡಿದ್ದಾನೆ, ಬಲವಂತದಿಂದ ಹುಟ್ಟುವುದು ಭಕ್ತಿಯಲ್ಲ, ಬೂಟಾಟಿಕೆ. ಸತ್ಯಕ್ಕೆ ಸರ್ಕಾರದ ಊರುಗೋಲು ಬೇಕಿಲ್ಲ, ಮುಕ್ತ ಚರ್ಚೆ ಸಾಕು. ಅನುಭವ ಮಂಟಪದ ಮಕ್ಕಳಾದ ನಮಗೆ ಈ ಕೊನೆಯ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ಧರ್ಮದ ಹೆಸರಿನಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂದೂ ಅವರು ಹೇಳಲಿಲ್ಲ. ವಿಚಾರವು ಕೃತ್ಯವಾಗಿ ಹೊರಬಂದು ಇನ್ನೊಬ್ಬರ ಶಾಂತಿಗೆ ಭಂಗ ತಂದಾಗ ಸರ್ಕಾರ ಬರಲಿ, ಅಲ್ಲಿಯವರೆಗೆ ಹೊರಗೇ ನಿಲ್ಲಲಿ ಎಂದರು.

ಇನ್ನು ಸರ್ಕಾರದ ಮಿತಿಯ ವಿಷಯ. ನನಗೆ ಗೊತ್ತಿರುವ ಉದಾಹರಣೆಯಿಂದಲೇ ಹೇಳುತ್ತೇನೆ. ಕೆರೆ ಕಟ್ಟುವಾಗ ಏರಿ ಹಾಕುತ್ತೇವೆ, ತೂಬು ಇಡುತ್ತೇವೆ. ಜೊತೆಗೆ ಕೋಡಿ ಇಡಲೇಬೇಕು. ಒಳ್ಳೆಯ ಮಳೆ ಬಂತೆಂದು ಖುಷಿಯಾಗಿ ಕೋಡಿ ಮುಚ್ಚಿದರೆ ಒಂದು ರಾತ್ರಿಯಲ್ಲಿ ಏರಿ ಒಡೆಯುತ್ತದೆ. ಮಳೆ ಕೆಟ್ಟದ್ದು ಎಂದಲ್ಲ ಕೋಡಿ ಇಡುವುದು. ನೀರಿಗೆ ತಾನಾಗಿ ನಿಲ್ಲುವ ಗುಣ ಇಲ್ಲ, ಅದಕ್ಕೆ. ಜೆಫರ್ಸನ್ ಅಧಿಕಾರವನ್ನು ಹೀಗೆ ನೋಡಿದರು. 1798ರಲ್ಲಿ ಸರ್ಕಾರವನ್ನು ಟೀಕಿಸಿದವರನ್ನು ಜೈಲಿಗೆ ಕಳಿಸುವ ಕಾಯ್ದೆ ಬಂದಾಗ ಕೆಂಟಕಿ ರಾಜ್ಯಕ್ಕಾಗಿ ಗುಟ್ಟಾಗಿ ಒಂದು ನಿರ್ಣಯ ಬರೆದುಕೊಟ್ಟರು. ಆಳುವವರು ಒಳ್ಳೆಯವರು ಎಂಬ ನಂಬಿಕೆಯ ಮೇಲೆ ಸ್ವಾತಂತ್ರ್ಯ ನಿಲ್ಲುವುದಿಲ್ಲ, ಅವರನ್ನು ಸಂವಿಧಾನದಿಂದ ಕಟ್ಟಿಹಾಕಬೇಕು ಎಂಬುದು ಅದರ ತಿರುಳು. ಸಂವಿಧಾನ ರಚನೆಯಾದಾಗಲೂ ಪ್ಯಾರಿಸ್ಸಿನಿಂದ ಮ್ಯಾಡಿಸನ್‌ಗೆ ಬರೆದು, ಹಕ್ಕುಗಳ ಪಟ್ಟಿ ಎಲ್ಲಿ ಎಂದು ಕೇಳಿದವರು ಅವರು. ಆ ಪಟ್ಟಿ 1791ರಲ್ಲಿ ಸೇರಿತು. ಅದರ ಮೊದಲ ತಿದ್ದುಪಡಿಯ ಮೊದಲ ಮಾತೇ ಧರ್ಮದ ವಿಷಯ.

1801ರಲ್ಲಿ ಅಧ್ಯಕ್ಷರಾದರು. ಚುನಾವಣೆಯಲ್ಲಿ ಎಷ್ಟೋ ಪಾದ್ರಿಗಳು ಅವರನ್ನು ನಾಸ್ತಿಕ ಎಂದು ಬೈದಿದ್ದರು. ಆದರೆ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಎಂಬಲ್ಲಿನ ಬ್ಯಾಪ್ಟಿಸ್ಟರು ಅವರಿಗೆ ಅಭಿನಂದನೆಯ ಪತ್ರ ಬರೆದರು. ಅವರ ರಾಜ್ಯದಲ್ಲಿ ಇನ್ನೂ ಸರ್ಕಾರಿ ಚರ್ಚು ಇತ್ತು. ಬ್ಯಾಪ್ಟಿಸ್ಟರು ಅದರ ತೆರಿಗೆಯಿಂದ ತಪ್ಪಿಸಿಕೊಳ್ಳಬೇಕಾದರೆ ಸರ್ಟಿಫಿಕೇಟ್ ತರಬೇಕಿತ್ತು. ಅವರ ದೂರು ಏನು ಗೊತ್ತೆ? ನಮಗೆ ಪೂಜೆಗೆ ಅವಕಾಶವೇ ಇಲ್ಲ ಎಂದಲ್ಲ. ನಮಗೆ ಇರುವ ಅವಕಾಶ ಹಕ್ಕಾಗಿ ಸಿಕ್ಕಿಲ್ಲ, ಸರ್ಕಾರದ ಕೃಪೆಯಾಗಿ ಸಿಕ್ಕಿದೆ ಎಂದು. 1802ರ ಜನವರಿ 1ರಂದು ಜೆಫರ್ಸನ್ ಉತ್ತರ ಬರೆದರು. ಧರ್ಮ ಎಂಬುದು ಮನುಷ್ಯನಿಗೂ ಅವನ ದೇವರಿಗೂ ಇರುವ ಸಂಬಂಧ, ಚರ್ಚಿಗೂ ಸರ್ಕಾರಕ್ಕೂ ನಡುವೆ ಒಂದು ಗೋಡೆ ಎದ್ದಿದೆ ಎಂದರು. ಆ ಗೋಡೆಯ ಮಾತು ಇಂದಿಗೂ ಅಲ್ಲಿನ ನ್ಯಾಯಾಲಯಗಳಲ್ಲಿ ಚರ್ಚೆಯಲ್ಲಿದೆ.

ಆ ಗೋಡೆ ಧರ್ಮದ ವಿರುದ್ಧ ಕಟ್ಟಿದ್ದಲ್ಲ. ಪತ್ರ ಬರೆದ ಎರಡೇ ದಿನಕ್ಕೆ ಭಾನುವಾರ ಅವರು ಪ್ರಾರ್ಥನಾ ಸಭೆಗೆ ಹೋಗಿ ಕುಳಿತರು, ಅದೂ ಸಂಸತ್ತಿನ ಸಭಾಂಗಣದಲ್ಲಿ ನಡೆದ ಪ್ರಾರ್ಥನೆಗೆ. ಆದರೆ ದೇಶದ ಜನ ಇಂಥ ದಿನ ಉಪವಾಸ ಮಾಡಿ ಪ್ರಾರ್ಥಿಸಲಿ ಎಂದು ಅಧ್ಯಕ್ಷರಾಗಿ ಕರೆ ಕೊಡಲು ಒಪ್ಪಲಿಲ್ಲ. ಅವರ ಹಿಂದಿನ ಇಬ್ಬರು ಅಧ್ಯಕ್ಷರು ಪ್ರಾರ್ಥನೆಗೆ ಕರೆ ಕೊಟ್ಟಿದ್ದರು. ಥಾಮಸ್ ಜೆಫರ್ಸನ್ ಪ್ರಾರ್ಥನೆ ಮಾಡಬಹುದು, ಅಧ್ಯಕ್ಷರು ಪ್ರಾರ್ಥನೆ ಮಾಡಿಸಬಾರದು ಎಂಬ ವ್ಯತ್ಯಾಸ ಅವರಿಗೆ ಸ್ಪಷ್ಟವಿತ್ತು.

ಶರಣಬಂಧುಗಳೇ, ಈಗ ಮನಸ್ಸಿಗೆ ಕಹಿಯಾದ ಭಾಗ. ಮಾಂಟಿಚೆಲ್ಲೊದಲ್ಲಿ ಮನೆಯ ಪಕ್ಕದಲ್ಲೇ ಮಲ್ಬರಿ ರೋ ಎಂಬ ಸಾಲು ಇದೆ. ಗುಲಾಮರು ಬದುಕಿದ, ದುಡಿದ ಜಾಗ. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಕೈಯ ಕೆಳಗೆ ಅವರ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರಿದ್ದರು. ಗುಲಾಮಗಿರಿ ಅನ್ಯಾಯ ಎಂದು ಅವರೇ ಬರೆದಿದ್ದಾರೆ, ಆದರೆ ಬಿಡುಗಡೆ ಮಾಡಿದ್ದು ಬೆರಳೆಣಿಕೆಯ ಜನರನ್ನು. 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಯ ಐವತ್ತನೆಯ ವರ್ಷದ ದಿನವೇ, ಅವರು ತೀರಿಕೊಂಡರು. ಒಂದು ಲಕ್ಷ ಡಾಲರ್ ಮೀರಿದ ಸಾಲ ಇತ್ತು. ಮುಂದಿನ ಜನವರಿಯಲ್ಲಿ ಆ ಮನೆಯ ಮುಂದೆ 130 ಮನುಷ್ಯರನ್ನು ದನ, ಮೇಜು, ಕುರ್ಚಿಗಳ ಜೊತೆ ಹರಾಜಿಗಿಟ್ಟರು. ಗಡಿಯಾರ ನೋಡಿ ಬೆರಗಾದ ನಾನು ಆ ಸಾಲಿನಲ್ಲಿ ನಡೆಯುವಾಗ ತಲೆ ಎತ್ತಲಾರದೆ ಹೋದೆ.

ಇದರಿಂದ ನನಗೆ ತಿಳಿದದ್ದು, ಸರ್ಕಾರ ದೂರ ನಿಂತರೆ ಸಾಕು ಎಂಬ ಮಾತು ಬಲವಿದ್ದವನಿಗೆ ಸಾಕು, ಬಲವಿಲ್ಲದವನಿಗೆ ಸಾಲದು. ಮಲ್ಬರಿ ರೋ ಜನರಿಗೆ ಬಿಡುಗಡೆ ತಂದದ್ದು ಕೊನೆಗೆ ಕಾನೂನೇ, 1865ರಲ್ಲಿ. ನಮ್ಮ ಸಂವಿಧಾನ ಈ ಪಾಠ ಕಲಿತಂತೆ ಕಾಣುತ್ತದೆ. 25ನೆಯ ವಿಧಿಯಲ್ಲಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ, ಅಲ್ಲಿಯೇ ಸಮಾಜ ಸುಧಾರಣೆಗೆ ಕಾನೂನು ಮಾಡುವ ಅಧಿಕಾರವನ್ನೂ ಇಟ್ಟಿದೆ. 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 27ನೆಯ ವಿಧಿಯಲ್ಲಿ, ಯಾವುದೇ ಒಂದು ಧರ್ಮದ ಪೋಷಣೆಗೆಂದೇ ಮೀಸಲಿಟ್ಟ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲವಂತ ಮಾಡಬಾರದು ಎಂದಿದೆ. ವರ್ಜೀನಿಯಾದ ಹೊಗೆಸೊಪ್ಪಿನ ತೆರಿಗೆಯನ್ನು ಓದಿದ ಮೇಲೆ ಈ ವಿಧಿಯ ಬೆಲೆ ನನಗೆ ತಿಳಿಯಿತು.

ಜೆಫರ್ಸನ್ ಅವರನ್ನು ಬೈದು ನಾವು ಶುದ್ಧರಾಗುವುದಿಲ್ಲ. ಬಸವಣ್ಣನವರ ಹೆಸರಿನಲ್ಲಿ ಸಮಾನತೆಯ ಭಾಷಣ ಮಾಡಿ ಮನೆಗೆ ಹೋದವನು, ಹೆಣ್ಣಿನ ಕಡೆಯವರ ಫೋನು ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ ಯಾವ ಒಳಪಂಗಡ ಎಂದು. ಈ ಮಾತು ಯಾರನ್ನೋ ಕುರಿತು ಹೇಳುತ್ತಿಲ್ಲ. ನನ್ನ ಮಗನ ಮದುವೆಯಲ್ಲಿ ನಾನೇ ಕೇಳಿದ್ದೇನೆ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ನೌಕರಿಯಲ್ಲಿದ್ದಾಗ ಒಂದು ತಾಲ್ಲೂಕಿನಲ್ಲಿ ಒಂದು ಧಾರ್ಮಿಕ ಸಂಸ್ಥೆಗೆ ಸಮುದಾಯ ಭವನಕ್ಕೆ ಸರ್ಕಾರದ ಅನುದಾನ ಬಂತು. ಕೆಲಸ ನನ್ನ ಉಸ್ತುವಾರಿಯಲ್ಲಿತ್ತು. ಅಲ್ಲಿನ ಹಿರಿಯ ಗುರುಗಳು ಅಲ್ಲಿಯವರೆಗೆ ಯಾವ ಪಕ್ಷದ ವೇದಿಕೆಯನ್ನೂ ಹತ್ತಿದವರಲ್ಲ. ಮೊದಲ ಕಂತು ಬಂತು, ಪಾಯ ಆಯಿತು, ಗೋಡೆ ಎದ್ದಿತು. ಛಾವಣಿಯ ಹೊತ್ತಿಗೆ ಎರಡನೆಯ ಕಂತು ನಿಂತಿತು. ಚುನಾವಣೆ ಹತ್ತಿರವಿತ್ತು. ಮೇಲಿನಿಂದ ನನಗೆ ಬಾಯಿಮಾತಿನ ಸೂಚನೆ ಬಂತು: ಗುರುಗಳು ಇಂಥ ಸಭೆಗೆ ಬಂದು ಆಶೀರ್ವಾದ ಮಾಡಲಿ, ಆಮೇಲೆ ಬಿಲ್ ಆಗುತ್ತದೆ. ಅಳತೆ ಪುಸ್ತಕದಲ್ಲಿ ಕೆಲಸ ಸರಿಯಾಗಿಯೇ ದಾಖಲಾಗಿತ್ತು, ಬಿಲ್ ತಡೆಯಲು ಕಾರಣವೇ ಇರಲಿಲ್ಲ. ನಾನು ಅದನ್ನು ಬರೆದು ಕಳಿಸಬಹುದಿತ್ತು. ಬರೆಯಲಿಲ್ಲ. ಆ ಸೂಚನೆಯನ್ನು ಗುರುಗಳಿಗೆ ಮುಟ್ಟಿಸಿ ಬಂದೆ. ಅವರು ಬಹಳ ಹೊತ್ತು ಆ ತೆರೆದ ಗೋಡೆಗಳನ್ನೇ ನೋಡುತ್ತ ಕುಳಿತು, "ಆಯಿತು ತಮ್ಮಾ, ಬರತೀನಿ" ಎಂದರು. ಛಾವಣಿ ಬಿತ್ತು. ನಾನು ಹಾಕಿಸಿದ ಕಾಂಕ್ರೀಟು ಗಟ್ಟಿಯಾಗಿಯೇ ಇದೆ. ಆದರೆ ಡ್ಯಾನ್‌ಬರಿಯ ಬಡವರ ಪತ್ರದ ಬಗ್ಗೆ ಓದಿದಾಗ ನನಗೆ ಆ ಗುರುಗಳ ಮುಖ ಕಣ್ಣೆದುರು ಬಂತು. ಹಕ್ಕು ಬೇರೆ, ಕೃಪೆ ಬೇರೆ.

ಹಾಗಾದರೆ ಮಠಗಳು ಸರ್ಕಾರದಿಂದ ಏನೂ ಪಡೆಯಬಾರದೆ? ನಾನು ಹಾಗೆ ಹೇಳುವಷ್ಟು ಧೈರ್ಯಸ್ಥನಲ್ಲ, ಅದು ಸರಿಯೂ ಅಲ್ಲ. ಮಠದ ಶಾಲೆಯಲ್ಲಿ ಎಲ್ಲ ಜಾತಿಯ ಮಕ್ಕಳು ಓದುತ್ತಾರೆ. ಅಲ್ಲಿನ ಮೇಷ್ಟರ ಸಂಬಳ ನಿಯಮದಂತೆ, ಯಾರಿಗೂ ಕೈಮುಗಿಯದೆ ಬರುತ್ತದೆ. ಅದು ಮಕ್ಕಳ ಹಕ್ಕು. ಆದರೆ ಕೆಲವು ವರ್ಷಗಳಿಂದ ಬಜೆಟ್ಟಿನಲ್ಲಿ ಮಠಮಾನ್ಯಗಳಿಗೆ ಹೆಸರು ಹೇಳಿ ಅನುದಾನ ಘೋಷಿಸುವ ಪರಿಪಾಠ ಬಂದಿದೆ. ಎಲ್ಲ ಸಮುದಾಯದ ಮಠಗಳಿಗೂ ಕೊಡುತ್ತಾರೆ ಎನ್ನುತ್ತಾರೆ. ಪ್ಯಾಟ್ರಿಕ್ ಹೆನ್ರಿಯವರ ಮಸೂದೆಯೂ ಎಲ್ಲರಿಗೂ ಕೊಡುವುದಾಗಿಯೇ ಇತ್ತು. ಗದ್ದುಗೆ ಕಟ್ಟಲು, ರಥ ಮಾಡಿಸಲು, ಉತ್ಸವ ನಡೆಸಲು ಆ ಹಣ ನಮಗೆ ಬೇಕೆ? ದಾಸೋಹ ನಿಂತದ್ದು ಭಕ್ತರ ಕಾಯಕದ ಮೇಲೆ. ಬಸವಣ್ಣನವರ ಕೈಯಲ್ಲಿ ಬಿಜ್ಜಳನ ಭಂಡಾರವೇ ಇತ್ತು. ಅದರಿಂದ ಜಂಗಮರಿಗೆ ಖರ್ಚು ಮಾಡುತ್ತಾರೆ ಎಂದು ದೂರು ಹೋದಾಗ ಲೆಕ್ಕ ತೆಗೆದು ನೋಡಿದರೆ ಒಂದು ಹಣವೂ ಕಡಿಮೆಯಿರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಆ ಲೆಕ್ಕವೇ ನಮ್ಮ ಗೋಡೆ.

ಇದೇ ರೀತಿ ಇನ್ನೊಂದು ಮಾತು. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಾಗಮೋಹನ ದಾಸ್ ಸಮಿತಿಯ ವರದಿಯ ಮೇಲೆ ಲಿಂಗಾಯತ ಧರ್ಮದ ಮಾನ್ಯತೆಗೆ ಕೇಂದ್ರಕ್ಕೆ ಶಿಫಾರಸು ಮಾಡಿತು. ಆ ಮಾನ್ಯತೆಯಿಂದ ನಮ್ಮ ಮಕ್ಕಳಿಗೆ ಬರಬೇಕಾದ ನಾಗರಿಕ ಹಕ್ಕನ್ನು ಕೇಳುವುದು ನ್ಯಾಯ, ಕೇಳೋಣ. ಆದರೆ ನಾವು ಯಾರು ಎಂಬುದನ್ನು ಗೆಜೆಟ್ಟು ತೀರ್ಮಾನಿಸುವುದಿಲ್ಲ. ಅಂಗೈ ಮೇಲಿನ ಲಿಂಗಕ್ಕೆ ಯಾರ ಮೊಹರೂ ಬೇಕಿಲ್ಲ. ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ನಮ್ಮ ಹೋರಾಟವೂ ಗಟ್ಟಿಯಾಗುತ್ತದೆ, ಯಾವ ಪಕ್ಷದ ಅಂಗಳದಲ್ಲೂ ಕಾಯುತ್ತ ನಿಲ್ಲಬೇಕಾಗುವುದಿಲ್ಲ.

ಈ ಮಠದ ದಾಸೋಹ ಭವನದ ದುರಸ್ತಿಯ ವಿಷಯ ಮುಂದಿನ ಸಭೆಯಲ್ಲಿ ಬರಲಿದೆ, ಅನುದಾನಕ್ಕೆ ಅರ್ಜಿ ಹಾಕೋಣ ಎಂಬ ಸಲಹೆಯೂ ಇದೆ ಎಂದು ಕೇಳಿದ್ದೇನೆ. ತೀರ್ಮಾನ ಅಪ್ಪಗಳದು, ಭಕ್ತರದು. ನನ್ನ ಕಡೆಯಿಂದ ಅಂದಾಜುಪಟ್ಟಿ, ನಕ್ಷೆ, ದಿನನಿತ್ಯದ ಉಸ್ತುವಾರಿ, ಎಲ್ಲವನ್ನೂ ಕಾಯಕವಾಗಿ ಮಾಡಿಕೊಡುತ್ತೇನೆ. ಒಂದು ತಿಂಗಳ ಪಿಂಚಣಿಯನ್ನೂ ಇಂದೇ ಅರ್ಪಿಸುತ್ತೇನೆ. ನಾವು ನಾವೇ ಸೇರಿಸಿದರೆ ಛಾವಣಿ ಒಂದು ವರ್ಷ ತಡವಾಗಬಹುದು. ಆಗಲಿ, ಆ ಒಂದು ವರ್ಷ ತಗಡಿನ ಕೆಳಗೆ ಕುಳಿತು ಪ್ರಸಾದ ಮಾಡೋಣ.